ಮನೆಗೆ ಬಂದ ಬಾಲ್ಕನಿ

“ಮಕ್ಕಳ ತಲೇಲಿ ಏಳ್ತಿರೋ ಈ ಗುಳ್ಳೆಗೆ ಕಾರಣ ಏನು ಅಂತ ನಾನು ಕಂಡುಹಿಡೀದೇ ಹೋದ್ರೆ, ಇನ್ನು ಮುಂದೆ ಯಾರೂ ನನ್ನನ್ನ ಟಾರ್ಚಣ್ಣ ಅಂತ ಕರೀಬೇಡಿ!”

ಹೀಗೆಂದು ಟಾರ್ಚಣ್ಣ ನಡುಮನೆಯಲ್ಲಿ ನಿಂತು ಘೋಷಿಸಿದಾಗ ಕೇಳಿಸಿಕೊಳ್ಳಲು ಅಲ್ಲಿದ್ದವರು, ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದ ಹೆಂಡತಿ ಮತ್ತು ಪರಪರ ತಲೆ ಕೆರೆದುಕೊಳ್ಳುತ್ತಿದ್ದ ಮಗಳು, ಮಗ ಇಷ್ಟೇ ಜನ. ಹೆಂಡತಿ ಹಲ್ಲಿನಿಂದ ದಾರ ಕಡಿದು ತಲೆಯೆತ್ತಿದಳು.

“ಯಾರೂ ಅಂದ್ರೆ ಯಾರು? ಮನೇಲಿ ಇರೋಳು ನಾನೊಬ್ಳು. ನಾನು ನಿಮ್ಮನ್ನ ಕರೆಯೋದೇ ‘ರೀ’ ಅಂತ.”

“ಶುರು ಮಾಡೋಕೆ ಮುಂಚೇನೇ ಅಡ್ಡಬಾಯಿ ಹಾಕಬೇಡ ಕಣೇ!”

ಟಾರ್ಚಣ್ಣ ಎಂಬ ಬಿರುದು ಅವನಿಗೆ ಸುಮ್ಮನೆ ಬಂದದ್ದಲ್ಲ. ವಯಸ್ಸಿನ ಒಳ್ಳೆಯ ಕಾಲವನ್ನೆಲ್ಲ ಅವನು ಸಿನಿಮಾ ಥಿಯೇಟರೊಂದರ ಬಾಲ್ಕನಿ ಬಾಗಿಲಲ್ಲಿ ಕಳೆದಿದ್ದ. ಟಿಕೆಟ್ ಹರಿಯುವುದು, ಕತ್ತಲಲ್ಲಿ ತಡಕಾಡುವವರಿಗೆ ಟಾರ್ಚ್ ಬಿಟ್ಟು ಸೀಟು ತೋರಿಸುವುದು, ಮುಂದಿನ ಕುರ್ಚಿಗೆ ಕಾಲು ಕೊಟ್ಟವರ ಕಾಲಿನ ಮೇಲೆ ಬೆಳಕು ಬಿಟ್ಟು ನಾಚಿಸುವುದು, ಇದು ಅವನ ಕೆಲಸ. ಆಹಾ, ಅದೇನು ದಿನಗಳು! ತಲೆಯ ಮೇಲೆ ಹೊಗೆಯಂತೆ ಹರಿಯುವ ಆ ಬೆಳಕಿನ ಕೋಲು, ಗೋಡೆಯ ಫ್ಯಾನುಗಳ ಗೊರಗೊರ, ಸಾವಿರ ಜನ ಒಟ್ಟಿಗೇ ಗೊಳ್ಳೆಂದು ನಕ್ಕಾಗ ಕಾಲಡಿಯ ನೆಲ ಕೂಡ ನಕ್ಕಂತಾಗುವುದು! ಕಣ್ಣೀರಿನ ಸಿನಿಮಾ ಬಂದರಂತೂ ಕೇಳುವುದೇ ಬೇಡ. ಇಂಟರ್‌ವಲ್ಲಿನಲ್ಲಿ ದೀಪ ಹತ್ತಿದೊಡನೆ ಎಲ್ಲರೂ ಅಕ್ಕಪಕ್ಕದವರಿಂದ ಮುಖ ಮರೆಸಿ ಮೂಗು ಒರೆಸಿಕೊಳ್ಳುತ್ತಿದ್ದರು. ಇವನಿಗೆ ಅದನ್ನು ನೋಡುವುದೇ ಇನ್ನೊಂದು ಸಿನಿಮಾ.

ಆ ಥಿಯೇಟರಿಗೆ ಕಳೆದ ವರ್ಷ ಬೀಗ ಬಿತ್ತು. ಟಾರ್ಚಣ್ಣ ಈಗ ಒಂದು ದೊಡ್ಡ ಬಟ್ಟೆ ಅಂಗಡಿಯ ಬಾಗಿಲಲ್ಲಿ ನಿಂತು “ಮಕ್ಕಳ ಬಟ್ಟೆ ಮೇಲ್ಗಡೆ ಸಾರ್, ಹುಷಾರು, ಮೆಟ್ಟಿಲಿದೆ” ಎನ್ನುತ್ತಾನೆ. ಅಲ್ಲಿ ಲೈಟು ಝಗಝಗ ಉರಿಯುತ್ತಿರುತ್ತದೆ. ಮೆಟ್ಟಿಲು ಎಲ್ಲರಿಗೂ ಕಾಣುತ್ತಿರುತ್ತದೆ. ಆದರೂ ಅವನ ಬಲಗೈ ತಾನಾಗಿ ಮುಂದೆ ಚಾಚಿ ನೆಲಕ್ಕೆ ಇಲ್ಲದ ಟಾರ್ಚ್ ಬಿಡುತ್ತದೆ.

ಥಿಯೇಟರ್ ಒಡೆಯುವಾಗ ಅವನು ಬಾಲ್ಕನಿಯ ಮೂರು ಕುರ್ಚಿಗಳನ್ನು ಹಠ ಹಿಡಿದು ಮನೆಗೆ ತಂದಿದ್ದ. ಒಂದೇ ಕಬ್ಬಿಣದ ಪಟ್ಟಿಗೆ ಬಿಗಿದ, ಕೆಂಪು ಮಖಮಲ್ಲಿನ, ಎದ್ದರೆ ‘ಧಡ್’ ಎಂದು ಮಡಚಿಕೊಳ್ಳುವ ಕುರ್ಚಿಗಳು. ನಡುಮನೆಗೆ ಅವು ಬಂದಮೇಲೆ ಮನುಷ್ಯರು ಅಡ್ಡಡ್ಡ ನಡೆಯಬೇಕಾಯಿತು. ಹೆಂಡತಿಯ ಹೊಲಿಗೆ ಮಿಷನ್ನು ಅಡುಗೆಮನೆ ಬಾಗಿಲಿಗೆ ಹೋಗಿ ಅಂಟಿಕೊಂಡಿತು. ಆದರೆ ಆ ಮೂರರಲ್ಲಿ ನಡುವಿನ ಕುರ್ಚಿ ಇದೆಯಲ್ಲ, ಅದು ಕುರ್ಚಿಯಲ್ಲ, ಟಾರ್ಚಣ್ಣನ ಪ್ರಾಣ! ಅವನ ಹೆಂಡತಿ ಮದುವೆಗೆ ಮುಂಚೆ ಮೊದಲ ಸಲ ಆ ಥಿಯೇಟರಿಗೆ ಬಂದಾಗ ಅವನು ಅವಳನ್ನು ಕೂರಿಸಿದ್ದು ಅದೇ ಕುರ್ಚಿಯಲ್ಲಿ.

ಈ ಕಥೆಯನ್ನು ಮಕ್ಕಳು ಕೇಳಿ ಕೇಳಿ ಬಾಯಿಪಾಠ ಮಾಡಿದ್ದರು. ಪ್ರತಿ ಭಾನುವಾರ ಮಧ್ಯಾಹ್ನ ಮನೆಯಲ್ಲಿ ಮ್ಯಾಟಿನಿ ಶೋ. ಟಾರ್ಚಣ್ಣ ಕಿಟಕಿಗೆಲ್ಲ ಕಂಬಳಿ ಇಳಿಬಿಟ್ಟು ಕಗ್ಗತ್ತಲು ಮಾಡುವನು, ಮಕ್ಕಳನ್ನು ಹೊರಗೆ ನಿಲ್ಲಿಸಿ ಕಾಗದದ ಟಿಕೆಟ್ ಹರಿದು ಒಳಗೆ ಬಿಡುವನು, ಟಾರ್ಚ್ ಹಿಡಿದು ಸೀಟು ತೋರಿಸುವನು, ಆಮೇಲೆ ಟೀವಿಯಲ್ಲಿ ಹಳೆಯ ಸಿನಿಮಾ ಹಾಕುವನು. ಇಂಟರ್‌ವಲ್ಲಿನಲ್ಲಿ ಪಾಪ್‌ಕಾರ್ನ್ ಜೊತೆ ಅದೇ ಕಥೆ.

“ಪರದೆ ಮೇಲೆ ನಾಯಕ ಸಾಯ್ತಾ ಇದ್ದ. ಇಡೀ ಬಾಲ್ಕನಿ ಅಳ್ತಾ ಇತ್ತು. ಆದ್ರೆ ನಿಮ್ಮಮ್ಮ ಇದಾಳಲ್ಲ, ಪರದೆ ಕಡೆ ನೋಡ್ತಾನೇ ಇಲ್ಲ! ಒಂದೇ ಸಮ ಹಿಂದೆ ತಿರುಗಿ ತಿರುಗಿ ಬಾಗಿಲಲ್ಲಿ ನಿಂತಿದ್ದ ನನ್ನನ್ನೇ ನೋಡ್ತಿದ್ಲು!”

ಹೆಂಡತಿ ಈ ಕಥೆಗೆ ಹೂಂ ಎಂದವಳೂ ಅಲ್ಲ, ಊಹೂಂ ಎಂದವಳೂ ಅಲ್ಲ. ಮಿಷನ್ನಿನ ಪೆಡಲ್ಲನ್ನು ಸ್ವಲ್ಪ ಜೋರಾಗಿ ತುಳಿಯುತ್ತಿದ್ದಳು, ಅಷ್ಟೇ. ಎಷ್ಟು ಕರೆದರೂ ಬಂದು ಆ ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. ಇಷ್ಟು ವರ್ಷವಾದರೂ ನಾಚಿಕೆ ಹೋಗಿಲ್ಲ ಎಂದು ಟಾರ್ಚಣ್ಣ ಒಳಗೊಳಗೇ ಬೀಗುತ್ತಿದ್ದ.

ಇರಲಿ, ಗುಳ್ಳೆಗೆ ಬರೋಣ. ತನಿಖೆಯ ಮೊದಲ ಬಲಿ ಶಾಂಪೂ. ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದ ಟಾರ್ಚಣ್ಣ, “ಬಣ್ಣ ನೋಡು, ಇದೇ ಕಳ್ಳ!” ಎಂದು ಬಚ್ಚಲಿಗೆ ಸುರಿದ. ಬಚ್ಚಲಲ್ಲಿ ಎರಡು ದಿನ ನೊರೆಯೋ ನೊರೆ, ಅದರಲ್ಲಿ ಅವನೇ ಒಮ್ಮೆ ಜಾರಿ ಬಿದ್ದ. ಗುಳ್ಳೆ ಹೋಗಲಿಲ್ಲ. ಆಮೇಲೆ ದಿಂಬುಗಳನ್ನು ಬಿಸಿಲಿಗೆ ಹಾಕಿಸಿದ, ಬಾಚಣಿಗೆಗಳನ್ನು ಕುದಿಸಿದ. ಬಾಚಣಿಗೆ ಕರಗಿ ಪಾತ್ರೆಯ ತಳಕ್ಕೆ ಅಂಟಿತು. ಪಾತ್ರೆಯೂ ಹೋಯಿತು, ಹೆಂಡತಿಯ ತಾಳ್ಮೆಯೂ ಹೋಯಿತು, ಗುಳ್ಳೆ ಮಾತ್ರ ಹೋಗಲಿಲ್ಲ.

ಆಗ ಟಾರ್ಚಣ್ಣನ ತಲೆಗೆ ಒಂದು ಮಹಾಸತ್ಯ ಹೊಳೆಯಿತು. “ಗಮನಿಸಿದೀಯಾ? ಗುಳ್ಳೆ ಏಳೋದು ಸೋಮವಾರ! ಸೋಮವಾರ ಮಕ್ಕಳು ಎಲ್ಲಿಗೆ ಹೋಗ್ತಾರೆ? ಶಾಲೆಗೆ! ಸಿಕ್ಕಿಬಿದ್ರು ನೋಡು!”

“ಬೆಳಿಗ್ಗೆ ಏಳುವಾಗ್ಲೇ ಕೆರ್ಕೊಂಡು ಏಳ್ತಾರಲ್ಲ ರೀ, ಇನ್ನೂ ಶಾಲೆಗೆ ಹೋಗೇ ಇರಲ್ಲ.”

“ಅದು ಶಾಲೆಯ ಭಯಕ್ಕೆ!”

ನೇರ ಶಾಲೆಗೇ ಹೋದ ಟಾರ್ಚಣ್ಣನ ಭಾಷಣವನ್ನು ಹೆಡ್‌ಮಿಸ್ಸು ಪೂರ್ತಿ ಕೇಳಿದರು. ಬೆಂಚು, ಗೋಡೆ, ಕುಡಿಯುವ ನೀರು, ಹಾಜರಿ ಕೂಗುವ ಟೀಚರ್, ಎಲ್ಲರ ಮೇಲೂ ಆರೋಪ ಮುಗಿದ ಮೇಲೆ ಕನ್ನಡಕ ತೆಗೆದರು.

“ನಿಮ್ಮ ಮಗಳು ಒಂದು ತರಗತಿ, ಮಗ ಇನ್ನೊಂದು ತರಗತಿ. ಎರಡರಲ್ಲೂ ಬೇರೆ ಯಾವ ಮಗುಗೂ ಇದಿಲ್ಲ. ಇಬ್ರೂ ಒಟ್ಟಿಗಿರೋ ಜಾಗ ಯಾವ್ದು, ಹೇಳಿ ನೋಡೋಣ?”

ಟಾರ್ಚಣ್ಣ ಬಾಯಿ ತೆರೆದ. ಉತ್ತರ ಗೊತ್ತಿತ್ತು. ಬಾಯಿ ಮುಚ್ಚಿಕೊಂಡು ಮನೆಗೆ ಬಂದ.

ಬಂದವನ ಸಿಟ್ಟು ಮಗನ ಕೂದಲಿನ ಮೇಲೆ ತಿರುಗಿತು. “ಕೂದಲಿದ್ರೆ ತಾನೆ ಗುಳ್ಳೆ!” ಎಂದು ಹುಡುಗನನ್ನು ಕ್ಷೌರದಂಗಡಿಗೆ ಎಳೆದೊಯ್ದು ನುಣ್ಣಗೆ ಬೋಳಿಸಿಕೊಂಡು ಬಂದ. ಮಗಳು ತನ್ನ ಜಡೆಯನ್ನು ಎರಡೂ ಕೈಯಲ್ಲಿ ಹಿಡಿದು ಬಚ್ಚಲುಮನೆಗೆ ಹೊಕ್ಕು ಅಗುಳಿ ಹಾಕಿಕೊಂಡಳು. ಬೀದಿಯ ಮಕ್ಕಳು ಟಾರ್ಚಿನ ಮಗನಿಗೆ ‘ಬಲ್ಬು’ ಎಂದು ಹೆಸರಿಟ್ಟರು. ಹುಡುಗ ಅಳುತ್ತ ಬಂದು ಅಮ್ಮನ ಸೆರಗಿನಲ್ಲಿ ತಲೆ ಹುದುಗಿಸಿದ.

ಮುಂದಿನ ಸೋಮವಾರ ಆ ಬೋಳುತಲೆಯ ಹಿಂಭಾಗದಲ್ಲಿ ಕೆಂಪು ಗುಳ್ಳೆಗಳು ಎಂದಿಗಿಂತ ಎದ್ದು ಕಂಡವು. ಒಂದರ ಪಕ್ಕ ಒಂದು, ನೆಟ್ಟಗೆ ಸಾಲಾಗಿ. ಹೆಂಡತಿ ಬೆರಳಿಟ್ಟು ನೋಡಿದಳು.

“ಯಾರೋ ಅಳತೆ ಹಿಡಿದು ಹೊಲಿಗೆ ಹಾಕಿದಂಗಿದೆ. ಇನ್ನು ನಿಮ್ಮ ತನಿಖೆ ಸಾಕು. ಮಗು ನಿದ್ದೆ ಮಾಡಿ ಎಷ್ಟು ದಿನ ಆಯ್ತು! ನಡೀರಿ ಡಾಕ್ಟ್ರ ಹತ್ರ.”

ಚರ್ಮದ ಡಾಕ್ಟರು ನಗುಮುಖದ ಹೆಂಗಸು. ಭೂತಗನ್ನಡಿ ಹಿಡಿದು ನೋಡಿದವರೇ, “ತಲೇಲಿ ರೋಗ ಏನೂ ಇಲ್ಲ, ಇದು ಕಚ್ಚಿದ ಗುರುತು. ಸುತ್ತಮುತ್ತ ಏನೋ ಇದೆ. ಮಕ್ಕಳು ತಲೆ ಒರಗಿಸೋ ಕಡೆ ಹಳೇ ಹಾಸಿಗೆ, ಹಳೇ ಸೋಫಾ ಏನಾದ್ರೂ ಇದ್ಯಾ?” ಎಂದರು.

“ಹಳೇದು ಅಂತ ಏನೂ ಇಲ್ಲ ಡಾಕ್ಟ್ರೇ,” ಎಂದ ಟಾರ್ಚಣ್ಣ ತಟ್ಟನೆ.

“ಥಿಯೇಟರ್ ಕುರ್ಚಿ ಇದೆ!” ಎಂದಳು ಮಗಳು.

“ಅದು ಹಳೇದಲ್ಲಮ್ಮ, ಅದು ನೆನಪು!”

ಡಾಕ್ಟರ ಮುಖದ ನಗು ಇನ್ನಷ್ಟು ಅಗಲವಾಯಿತು. “ನೆನಪಿನ ಸಂದೀಲೇ ತಿಗಣೆ ಚೆನ್ನಾಗಿ ಬೆಳೆಯೋದು. ತಿಂಗಳುಗಟ್ಟಲೆ ಉಪವಾಸ ಇರ್ತವೆ. ಕತ್ತಲಾದ್ರೆ ಹೊರಗೆ ಬರ್ತವೆ.”

ಟಾರ್ಚಣ್ಣನಿಗೆ ಮೈಯೆಲ್ಲ ಉರಿದುಹೋಯಿತು. ತಿಗಣೆ! ಬಾಲ್ಕನಿಯಲ್ಲಿ! “ಡಾಕ್ಟ್ರೇ, ತಿಗಣೆ ಇದ್ದಿದ್ದು ಕೆಳಗಿನ ಬೆಂಚಿನಲ್ಲಿ. ಬಾಲ್ಕನಿ ಬಾಗಿಲಲ್ಲಿ ನಿಂತಿದ್ದೋನು ನಾನು! ಟಿಕೆಟ್ ಇಲ್ದೆ ಒಂದು ಇರುವೆ ಕೂಡ ನನ್ನ ದಾಟಿ ಮೇಲೆ ಹೋಗಿಲ್ಲ! ಅಲ್ಲದೆ ದಿನಾ ಸಂಜೆ ಅದೇ ಕುರ್ಚೀಲಿ ಕೂತು ಪೇಪರ್ ಓದ್ತೀನಿ. ನನಗೆ ಒಂದಾದ್ರೂ ಗುಳ್ಳೆ ಇದ್ಯಾ, ನೋಡಿ!”

“ಕೆಲವ್ರ ಮೈಗೆ ಕಚ್ಚಿದ್ರೂ ಗೊತ್ತಾಗಲ್ಲ,” ಎಂದರು ಡಾಕ್ಟರು.

“ಹಾಗಲ್ಲ ಡಾಕ್ಟ್ರೇ,” ಎಂದಳು ಹೆಂಡತಿ, “ಸ್ಟಾಫ್ ಅಂತ ಬಿಟ್ಟಿರ್ತವೆ.”

ಮನೆಗೆ ಬಂದವಳೇ ಕತ್ತರಿ ತೆಗೆದಳು. ಕುರ್ಚಿಯ ಹೊಲಿಗೆ ಬಿಚ್ಚಿ ಒಳಗೆ ನೋಡಿಯೇ ಬಿಡುತ್ತೇನೆಂದಳು. ಟಾರ್ಚಣ್ಣ ಎರಡೂ ಕೈ ಚಾಚಿ ಅಡ್ಡ ನಿಂತ.

“ಥಿಯೇಟರ್ ಹೋಯ್ತು, ಕೆಲಸ ಹೋಯ್ತು. ಆ ಕಾಲದಿಂದ ನನಗೆ ಉಳಿದಿರೋದು ಇದೊಂದೇ ಕಣೇ. ನೀನು ಕೂತ ಕುರ್ಚಿ. ಇದಕ್ಕೂ ಕತ್ತರಿ ಹಾಕ್ತೀಯಾ?”

ಹೆಂಡತಿ ಕತ್ತರಿ ಕೆಳಗಿಟ್ಟಳು. ಅವನನ್ನು ಹಾಗೆ ನೋಡಿ ಅವಳಿಗೂ ಕಣ್ಣು ತುಂಬಿತು. ಸೆರಗಿನಿಂದ ಕಣ್ಣೊರೆಸಿಕೊಂಡು, “ಆಯ್ತು. ಈ ಭಾನುವಾರ ಮಕ್ಕಳು ನೆಲದ ಮೇಲೆ ಕೂರ್ಲಿ. ಕುರ್ಚೀಲಿ ನಾನು ಕೂರ್ತೀನಿ. ಸಿನಿಮಾ ಮುಗಿಯೋತನಕ ನಾನು ಮೇಲೇಳದೇ ಇದ್ರೆ ಕುರ್ಚಿ ಇಲ್ಲೇ ಇರ್ಲಿ. ಎದ್ದರೆ ಕುರ್ಚಿ ಹೊರಗೆ,” ಎಂದಳು.

ಟಾರ್ಚಣ್ಣ ಕುಣಿದುಬಿಟ್ಟ. ಕೊನೆಗೂ ಅವಳು ಆ ಕುರ್ಚಿಯಲ್ಲಿ ಕೂರುತ್ತಾಳೆ! ಭಾನುವಾರ ಗಡ್ಡ ಹೆರೆದುಕೊಂಡು, ಪೆಟ್ಟಿಗೆಯ ತಳದಲ್ಲಿದ್ದ ಥಿಯೇಟರಿನ ಹಳೆಯ ಖಾಕಿ ಅಂಗಿ ಹಾಕಿಕೊಂಡ. ಹೊಟ್ಟೆಯ ಮೇಲಿನ ಗುಂಡಿ ಕೂರಲಿಲ್ಲ, ಉಸಿರು ಬಿಗಿಹಿಡಿದು ಕೂರಿಸಿದ. ಕಿಟಕಿಗೆ ಕಂಬಳಿ ಬಿತ್ತು. ಹೆಂಡತಿ ಬಾಗಿಲಲ್ಲಿ ಟಿಕೆಟ್ ಕೊಟ್ಟಳು. ಅವನು ಹರಿದ. “ಹುಷಾರು ಮೇಡಂ, ಮೆಟ್ಟಿಲಿದೆ,” ಎಂದ. ಇಲ್ಲದ ಮೆಟ್ಟಿಲನ್ನು ಅವಳು ಸೀರೆಯ ನಿರಿಗೆ ಎತ್ತಿ ಹತ್ತಿದಳು. ಟಾರ್ಚಣ್ಣನ ಎದೆ ಹಿಗ್ಗಿಹೋಯಿತು.

ಬೇಕೆಂದೇ ಅವಳು ಅವತ್ತು ನೋಡಲು ಬಂದಿದ್ದ ಆ ಕಣ್ಣೀರಿನ ಸಿನಿಮಾವನ್ನೇ ಹಾಕಿದ್ದ. ತಾನು ಹಿಂದೆ ಬಾಗಿಲಲ್ಲಿ ಕೈಕಟ್ಟಿ ನಿಂತ. ನಾಯಕ ಸಾಯಲು ಶುರುಮಾಡಿದ. ಅಷ್ಟರಲ್ಲಿ, ಕುರ್ಚಿಯಲ್ಲಿದ್ದ ಹೆಂಡತಿ ಮೆಲ್ಲಗೆ ಹಿಂದೆ ತಿರುಗಿದಳು! ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಮತ್ತೆ ಎಡಕ್ಕೆ. ಟಾರ್ಚಣ್ಣನ ಕಣ್ಣಲ್ಲಿ ನೀರು ಬಂತು.

“ಮಕ್ಕಳೇ, ನೋಡ್ರೋ! ಅವತ್ತಿನ ಹಾಗೇ! ಥೇಟ್ ಅವತ್ತಿನ ಹಾಗೇ ತಿರುಗಿ ತಿರುಗಿ ನನ್ನನ್ನೇ ನೋಡ್ತಿದಾಳೆ!”

“ನೋಡ್ತಿಲ್ಲ ರೀ!” ಎಂದು ಹೆಂಡತಿ ಚಂಗನೆ ಎದ್ದಳು. ಕುರ್ಚಿ ‘ಧಡ್’ ಎಂದು ಮಡಚಿಕೊಂಡಿತು. “ಕತ್ತು ಕೆರ್ಕೋತಿದೀನಿ! ಅವತ್ತೂ ಅದನ್ನೇ ಮಾಡಿದ್ದು!”

ಟಾರ್ಚ್ ಹತ್ತಿತು. ಮಖಮಲ್ಲಿನ ಅಂಚಿನಲ್ಲಿ ಗುಂಡಗೆ ಬಿದ್ದ ಬೆಳಕಿನಲ್ಲಿ, ಟಿಕೆಟ್ ಇಲ್ಲದ ಪ್ರೇಕ್ಷಕರು ಸಾಲುಸಾಲಾಗಿ ಹೊಲಿಗೆಯ ಸಂದಿಗೆ ಓಡುತ್ತಿದ್ದರು. ಟಾರ್ಚಣ್ಣನ ಖಾಕಿ ಅಂಗಿಯ ಗುಂಡಿ ಕಿತ್ತು ಹಾರಿತು.

“ಅಪ್ಪಾ,” ಎಂದಳು ಮಗಳು ತುಂಬಾ ಹೊತ್ತು ಲೆಕ್ಕ ಹಾಕಿ, “ಹಂಗಾದ್ರೆ ನಿಮ್ಮಿಬ್ರ ಮದುವೆ ಮಾಡ್ಸಿದ್ದು ತಿಗಣೆನಾ?”

ಸಂಜೆಯೊಳಗೆ ಕುರ್ಚಿಗಳನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿ ಕಸದ ಲಾರಿಗೆ ಹಾಕಿದ್ದಾಯಿತು. ಒಂದು ಬದಿ ಟಾರ್ಚಣ್ಣನೇ ಹೊತ್ತ. ಲಾರಿ ಬೀದಿ ತಿರುಗುವವರೆಗೂ ನಿಂತು ನೋಡಿದ. ಮನೆಯನ್ನೆಲ್ಲ ಬಿಸಿನೀರಿನಿಂದ ತೊಳೆದರು. ಆಮೇಲೆ ಅವನು ಖಾಲಿಯಾದ ಜಾಗದಲ್ಲಿ ನೆಲದ ಮೇಲೆ ಕೂತ. ನಡುಮನೆ ಏಕೋ ತೀರ ದೊಡ್ಡದಾಗಿ ಕಂಡು ಅವನಿಗೆ ಅಳು ಬಂತು.

ಹೆಂಡತಿ ಕಾಫಿ ತಂದು ಪಕ್ಕದಲ್ಲೇ ಕೂತಳು. ಎರಡು ಗುಟುಕು ಕುಡಿದ ಮೇಲೆ ಅವನು ಕೇಳಿದ: “ಅಷ್ಟು ಕಚ್ಚಿಸ್ಕೊಂಡೋಳು ಮುಂದಿನ ವಾರ ಮತ್ತೆ ಯಾಕೆ ಬಂದೆ?”

“ಮ್ಯಾನೇಜರಿಗೆ ಕಂಪ್ಲೇಂಟ್ ಕೊಡೋಣ ಅಂತ ಬಂದೆ. ಬಾಗಿಲಲ್ಲಿ ನೀವು ನಿಂತಿದ್ರಿ. ‘ಮೇಡಂ, ನಿಮಗೋಸ್ಕರ ಅದೇ ಸೀಟು ಇಟ್ಟಿದೀನಿ’ ಅಂತ ಮುಖ ಇಷ್ಟಗಲ ಮಾಡ್ಕೊಂಡು ಹೇಳಿದ್ರಿ. ಆ ಮುಖ ನೋಡಿ ಕಂಪ್ಲೇಂಟ್ ಹೇಗ್ರೀ ಕೊಡ್ಲಿ? ಹೋಗಿ ಅಲ್ಲೇ ಕೂತೆ.”

“ಆಮೇಲೂ ಬರ್ತಿದ್ಯಲ್ಲ? ವಾರ ವಾರ?”

“ವಾರ ವಾರ ನೀವು ಅದೇ ಸೀಟು ಇಟ್ಟಿರ್ತಿದ್ರಲ್ಲ!”

ಟಾರ್ಚಣ್ಣನ ಮುಖ ಮೆಲ್ಲಗೆ ಅರಳತೊಡಗಿತು. ಕುರ್ಚಿ ಹೋದರೆ ಹೋಗಲಿ ಬಿಡಿ! ತನಗಾಗಿ ಒಬ್ಬಳು ವಾರ ವಾರ ರಕ್ತ ಕೊಟ್ಟಿದ್ದಾಳೆ! ಗಂಟಲು ಸರಿಮಾಡಿಕೊಂಡು, ಸಿನಿಮಾ ನಾಯಕನ ಗತ್ತಿನಲ್ಲಿ ಕೇಳಿದ: “ಅಷ್ಟೆಲ್ಲ ಸಹಿಸ್ಕೊಂಡು ನನ್ನನ್ನೇ ಮದುವೆ ಆದ್ಯಲ್ಲ... ಯಾಕೆ?”

“ಇನ್ಯಾಕೆ?” ಎಂದಳು ಹೆಂಡತಿ ಲೋಟ ಎತ್ತಿಕೊಂಡು ಏಳುತ್ತಾ. “ಮದುವೆ ಆದ್ಮೇಲಾದ್ರೂ ಆ ಸೀಟಲ್ಲಿ ಕೂರೋದು ತಪ್ಪುತ್ತೆ ಅನ್ಕೊಂಡೆ. ನೀವು ನೋಡಿದ್ರೆ ಅದನ್ನೂ ಮನೆಗೇ ಹೊತ್ಕೊಂಡು ಬಂದ್ರಿ!”