ಮಂಗಳದ ಗಾಳಿ, ತಾಳ್ಯದ ಕಣ

ಗಾಳಿಯ ವಿಷಯದಲ್ಲಿ ಚಿತ್ತಯ್ಯನವರಿಗೆ ಹೇಳಿಕೊಡುವವರು ಚಿತ್ರದುರ್ಗದಲ್ಲಿ ಯಾರೂ ಇರಲಿಲ್ಲ. (ಅವರು ಹೇಳಿದ್ದನ್ನು ಕೇಳುವವರೂ ಇರಲಿಲ್ಲ ಎಂಬುದು ಬೇರೆ ಮಾತು.) ಮಂಗಳ ಗ್ರಹದ ಮೇಲೆ ಅಮೆರಿಕದ ನೌಕೆ ಇಳಿದ ಮರುವರ್ಷವದು. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದ ಅವರು ಆ ಗ್ರಹವನ್ನು ಚೌಕಾಬಾರದ ಮನೆಗಳಂತೆ ವಿಂಗಡಿಸಿ, ಯಾವ ಮನೆಗೆ ಎಷ್ಟು ಬಿಸಿಲು, ಅಲ್ಲಿಂದ ಗಾಳಿ ಯಾವ ಮನೆಗೆ ನುಗ್ಗುತ್ತದೆ ಎಂದು ಲೆಕ್ಕ ಕಟ್ಟಿದ್ದರು. ಲೆಕ್ಕವೆಲ್ಲ ತೂತು ಕೊರೆದ ಕಾರ್ಡುಗಳಾಗಿ ತಗಡಿನ ಪೆಟ್ಟಿಗೆಯೊಂದರಲ್ಲಿತ್ತು. ಬೆಂಗಳೂರಿನ ಕಂಪ್ಯೂಟರು ಅವನ್ನು ಒಂದರ ಹಿಂದೊಂದು ಓದಿ ಮಂಗಳದ ಗಾಳಿಯ ಜಾತಕ ಹೇಳಬೇಕು. ತಿಂಗಳುಗಟ್ಟಲೆ ಕಾದ ಮೇಲೆ ಸೋಮವಾರಕ್ಕೆ ಅವರ ಸರದಿ ಬಂದಿತ್ತು.

ಆದರೆ ಭಾನುವಾರ ತಾಳ್ಯದ ತವರಿನ ಕಣದಲ್ಲಿ ರಾಗಿ ತೂರುವುದಿದೆ, ಅಳಿಯ ಮೊರ ಹಿಡಿಯದಿದ್ದರೆ ಊರು ಏನಂದೀತು, ಅಲ್ಲಿಂದಲೇ ಬೆಂಗಳೂರಿಗೆ ಹೋಗಿ ಎಂದಳು ಹೆಂಡತಿ ಮುದ್ದಕ್ಕ. ಚಿತ್ತಯ್ಯ ಮಂಗಳದ ಮಹತ್ವವನ್ನು ವಿವರಿಸಿದರು. ಅವಳು ಪೂರ್ತಿ ಕೇಳಿಸಿಕೊಂಡು, "ಅಲ್ಲಿ ಕಣ ಐತಾ?" ಅಂದಳು.

"ಕಣ ಎಲ್ಲಿಂದ ಬಂತು? ಜನಾನೇ ಇಲ್ಲ."

"ಪಾಪ. ಯಾರೂ ಕಾಯದ ಗಾಳಿ."

ಆ ಮಾತು ತಾಳ್ಯದಲ್ಲಿ ಬಸ್ಸಿಳಿಯುವ ತನಕ ಅವರ ಪಕ್ಕದಲ್ಲೇ ಕೂತಿತ್ತು. ತಾನೊಬ್ಬನಾದರೂ ಕಾಯುತ್ತಿದ್ದೇನಲ್ಲ ಎಂದು ಸಮಾಧಾನ ಮಾಡಿಕೊಂಡರು.

ತಾಳ್ಯದಲ್ಲಿ ವಾರದಿಂದ ಎಲೆ ಅಲುಗಿರಲಿಲ್ಲ. ಒಕ್ಕಿದ ರಾಗಿ ಹೊಟ್ಟಿನೊಂದಿಗೆ ಹಾಗೇ ಬಿದ್ದಿತ್ತು. ಮಾವ ಕಾಟಯ್ಯ, ಪಕ್ಕದ ಕಣದ ಪಾಲಯ್ಯ, ಎಲ್ಲರೂ ಮೊರ ತೊಡೆಯ ಮೇಲಿಟ್ಟುಕೊಂಡು ಆಗಾಗ ಹಿಡಿ ಹೊಟ್ಟು ಮೇಲೆಸೆದು ನೋಡುತ್ತಿದ್ದರು. ಅದು ನೆಟ್ಟಗೆ ತಲೆ ಮೇಲೇ ಬೀಳುತ್ತಿತ್ತು. ಗಾಳಿ ಯಾವಾಗ ಬರುತ್ತದೆಂದು ಕಾಟಯ್ಯ ಅಳಿಯನನ್ನು ಕೇಳಿದ.

ಚಿತ್ತಯ್ಯ ನಾಲ್ಕು ದಿಕ್ಕೂ ನೋಡಿದರು. "ಇವತ್ತು ಬರಲ್ಲ ಮಾವ. ಹುಲ್ಲುಕಡ್ಡೀನೂ ಅಲ್ಲಾಡಲ್ಲ."

ಹೇಗೂ ಬಿಡುವಾಯಿತಲ್ಲ ಎಂದು ಕಣದ ಅಂಚಿನಲ್ಲಿ ಕಂಬಳಿ ಹಾಸಿ, ಕೊನೆಯ ಸಲ ಕ್ರಮ ನೋಡಲು ಕಾರ್ಡುಗಳನ್ನು ಹರಡಿದರು.

"ಮೇಲೊಂದು ಕಲ್ಲಾದ್ರೂ ಇಡ್ರಿ," ಅಂದಳು ಮುದ್ದಕ್ಕ.

"ಕಲ್ಲಿಟ್ರೆ ನನ್ನ ಮಾತಿಗೆ ಏನು ಬೆಲೆ ಉಳೀತು?"

ಗಾಳಿ ಪಡುವಣದಿಂದ ಬಂತು. ಇಡೀ ಕಣ ಒಮ್ಮೆಲೇ ಎದ್ದು ನಿಂತು ಮೊರ ಎತ್ತಿತು. ಕಾಳು ಕಾಲ ಬಳಿ ಸುರಿಯಿತು, ಹೊಟ್ಟು ಹಾರಿತು, ಹೊಟ್ಟಿನ ಜೊತೆ ಮಂಗಳ ಗ್ರಹವೂ ಹಾರಿತು. ಚಿತ್ತಯ್ಯ ಓಡಿದರು. ಬೇಲಿಯ ಬಳಿ ಕುರಿಯೊಂದು ಉತ್ತರ ಧ್ರುವವನ್ನು ನೆಮ್ಮದಿಯಾಗಿ ಮೆಲ್ಲುತ್ತಿತ್ತು.

ತೂರಿ ಮುಗಿದ ಮೇಲೆ ಊರವರು ಉಳಿದ ಕಾರ್ಡುಗಳನ್ನು ಆರಿಸಿ, ಮೊರದಲ್ಲಿ ಕೇರಿ, ಹೊಟ್ಟಿಲ್ಲದಂತೆ ಶುದ್ಧಮಾಡಿ ಮರ್ಯಾದೆಯಿಂದ ಒಪ್ಪಿಸಿದರು. ಮುದ್ದಕ್ಕ ಬೈಯಲಿಲ್ಲ. ಪಕ್ಕದಲ್ಲಿ ಕೂತು, ಯಾವುದು ಮೊದಲು ಎಂದು ಕೇಳಿದಳು. ಚಿತ್ತಯ್ಯನವರಿಗೆ ಅದೇ ಗೊತ್ತಿರಲಿಲ್ಲ. ಸೋಮವಾರದ ಸರದಿ ಇನ್ಯಾರಿಗೋ ಹೋಯಿತು.

ಮರುವರ್ಷ ಸುಗ್ಗಿಯಲ್ಲಿ ಪಾಲಯ್ಯ ಮೊದಲ ಬಸ್ಸಿಗೇ ಚಿತ್ರದುರ್ಗಕ್ಕೆ ಬಂದು ಚಿತ್ತಯ್ಯನವರ ಬಾಗಿಲಲ್ಲಿ ನಿಂತ. "ಗಾಳಿ ನಿಂತೈತೆ ಮೇಷ್ಟ್ರೇ. ಆ ಪೆಟ್ಟಿಗೆ ಬಿಚ್ಚಿದ್ರೆ ಬರ್ತೈತೆ ಅಂತ ಊರೆಲ್ಲ ಕಾಯ್ತಾ ಕುಂತೈತೆ."

ಕೊನೆಗೂ ತಮ್ಮ ಲೆಕ್ಕವನ್ನು ಕಾಯುವ ಜನ ಸಿಕ್ಕರೆಂದು ಚಿತ್ತಯ್ಯನವರ ಕಣ್ಣು ತೇವವಾಯಿತು. ಪೆಟ್ಟಿಗೆ ಎತ್ತಿಕೊಂಡು ಚಪ್ಪಲಿ ಮೆಟ್ಟಿದರು.

ಪಾಲಯ್ಯ ಸಂಕೋಚದಿಂದ ತಲೆ ಕೆರೆದುಕೊಂಡ. "ನೀವ್ಯಾಕೆ ತೊಂದ್ರೆ ತಗಳ್ತೀರಿ? ಪೆಟ್ಟಿಗೆ ಒಂದು ಕೊಡ್ರಿ, ಸಾಕು."