ಗಿರಾಕಿಗಳ ಕ್ಲಾಸು

ಭೂಗೋಳದ ಮೇಷ್ಟ್ರ ಆವತ್ತಿನ ಅವಾಂತರಕ್ಕೆಲ್ಲ ಮೂಲ ‘ಗಿರಾಕಿ’ ಅನ್ನುವ ಒಂದೇ ಒಂದು ಮಾತು.

ಬೆಳಿಗ್ಗೆ ಹೆಡ್‌ಮೇಡಂ ಕರೆದು ಹೇಳಿದ್ದರು: “ಇವತ್ತು ಇನ್ಸ್‌ಪೆಕ್ಟರ್ ಬರ್ತಾರೆ ಮೇಷ್ಟ್ರೇ. ನಿಮ್ಮ ಉದ್ಯಮದ ಕ್ಲಾಸಲ್ಲಿ ಆ ನಾಲ್ಕೂ ಗಿರಾಕಿಗಳು ಕೂತಿರಬೇಕು. ಬೆಂಚು ಖಾಲಿ ಕಂಡ್ರೆ ಕ್ಲಾಸು ಬಂದ್, ನೀವು ಹೆಚ್ಚುವರಿ. ಆಮೇಲೆ ಯಾವ ಊರಿಗೆ ಎತ್ತಿ ಹಾಕ್ತಾರೋ ನಂಗೊತ್ತಿಲ್ಲ.”

ಆ ನಾಲ್ವರು ಹತ್ತನೇ ತರಗತಿಯವರು. ಶಾಲೆಗೆ ಬರುತ್ತಿದ್ದರು, ಕ್ಲಾಸಿಗೆ ಬರುತ್ತಿರಲಿಲ್ಲ. ಪಾಠವೆಂದರೆ ಬೆಕ್ಕು ನೀರು ಕಂಡಂತೆ. ಸ್ವಂತ ವ್ಯಾಪಾರ ಕಲಿಸಿದರೆ ಇಂಥವರಿಗೆ ಮತ್ತೆ ಓದಿನ ಮೇಲೆ ಮನಸ್ಸು ಬಂದೀತೆಂದು ಮೇಲಿನವರು ಈ ಹೊಸ ಕ್ಲಾಸು ಶುರು ಮಾಡಿಸಿದ್ದರು. ಕಲಿಸುವುದಕ್ಕೆ ಒಬ್ಬರು ಬೇಕಲ್ಲ? ಪೀರಿಯಡ್ ಇಲ್ಲದೆ ಭೂಪಟದ ಧೂಳು ಒರೆಸುತ್ತಿದ್ದ ಈ ಮೇಷ್ಟ್ರು ಸಿಕ್ಕಿಬಿದ್ದರು. ಜನ್ಮದಲ್ಲಿ ಒಂದು ಹಳೇ ಸೈಕಲ್ಲನ್ನೂ ಮಾರಿದವರಲ್ಲ ಪಾಪ. ಆದರೆ ಹೆಂಡತಿ ಮೊದಲೇ ಎಚ್ಚರಿಸಿದ್ದಳು: “ಮೂರು ವರ್ಷಕ್ಕೆ ಮೂರು ಊರಾಯ್ತು. ಇನ್ನೊಂದ್ಸಲ ಪೆಟ್ಟಿಗೆ ಕಟ್ಟು ಅಂದ್ರೆ ಮೊದಲು ನಿಮ್ಮನ್ನೇ ಅದ್ರೊಳಗೆ ಹಾಕ್ತೀನಿ!”

ಸೈಕಲ್ ಸ್ಟ್ಯಾಂಡಿನಿಂದ ನಾಲ್ವರನ್ನೂ ಹಿಡಿದು ತಂದು ಮೇಷ್ಟ್ರು ಪಾಠ ಶುರು ಮಾಡಿದರು.

“ಯಾರಿಗೆ ಏನು ಕೊರತೆ ಇದೆ ಅಂತ ಕಣ್ಬಿಟ್ಟು ನೋಡ್ರಪ್ಪ. ಆ ಕೊರತೆ ತುಂಬ್ಸೋದೇ ವ್ಯಾಪಾರ. ಗಿರಾಕಿನೇ ದೇವ್ರು.”

ಗಿಣಿ ಎದ್ದು ನಿಂತಳು. ಹತ್ತು ಜನರ ದನಿಯಲ್ಲಿ ಮಾತಾಡುವ ಹುಡುಗಿ, ಗುಂಪಿಗೆ ಅವಳೇ ನಾಯಕಿ. “ಎಲ್ರೂ ನಮ್ಮನ್ನ ಗಿರಾಕಿಗಳು ಅಂತಾರಲ್ಲ ಸಾರ್, ಹಂಗಾದ್ರೆ ನಾವೇ ದೇವ್ರಾ?”

“ಆ ಗಿರಾಕಿ ಬೇರೆ, ಈ ಗಿರಾಕಿ ಬೇರೆ ಕಣಮ್ಮ! ಶಾಲೆಯೊಳಗೇ ಒಂದು ಸುತ್ತು ಹಾಕಿ, ಗಿರಾಕಿ ಹುಡುಕಿ. ಹನ್ನೊಂದಕ್ಕೆ ಇಲ್ಲಿರಬೇಕು.”

“ಸಿಕ್ಕಿಬಿಟ್ರೆ?” ಎಂದ ಏಣಿ. ಉದ್ದದ ಹುಡುಗ.

“ಬಿಡಬಾರ್ದು! ಕೆಲಸ ಒಪ್ಕೊಂಡು ಮಧ್ಯ ಎದ್ದು ಬರೋನು ವ್ಯಾಪಾರಿನೇ ಅಲ್ಲ.”

ಹನ್ನೊಂದಾಯಿತು. ಗೇಟಿನಲ್ಲಿ ಇನ್ಸ್‌ಪೆಕ್ಟರ ಕಾರು ಬಂತು. ಬೆಂಚು ಮಾತ್ರ ಖಾಲಿ. ಮೇಷ್ಟ್ರು ಬಾಲಕ್ಕೆ ಡಬ್ಬ ಕಟ್ಟಿದ ಕರುವಿನಂತೆ ವರಾಂಡದಲ್ಲಿ ಓಡಿದರು. ಹುಡುಕುತ್ತ ಬರುವ ಹೊತ್ತಿಗೆ ಒಂಬತ್ತನೇ ತರಗತಿಯಲ್ಲಿ ಇನ್ಸ್‌ಪೆಕ್ಟರ ಎದುರು ಹಾಜರಿ ನಡೆಯುತ್ತಿತ್ತು. “ಹಾಜರ್ ಮೇಡಂ!” ದಪ್ಪ ದನಿ. “ಹಾಜರ್ ಮೇಡಂ!” ಕೀರಲು ದನಿ. ಎರಡೂ ಗಿಣಿಯವೇ! ಪಕ್ಕದಲ್ಲಿ ಉಳಿದ ಮೂವರು ಕೈಕಟ್ಟಿಕೊಂಡು ಮುತ್ತಿನಂತೆ ಕೂತಿದ್ದಾರೆ.

ಮೇಷ್ಟ್ರು ಕಿಟಕಿಯಿಂದ ಕೈ ಬೀಸಿದ್ದೇ ತಡ, ವಿಜ್ಞಾನದ ಮೇಡಂ ಧಾವಿಸಿ ಬಂದರು. “ಶ್! ಕರೀಬೇಡಿ. ರಜೆಗೆ ಹೋದ ಅರ್ಧ ಹುಡುಗ್ರು ಊರಿಂದ ವಾಪಸ್ಸೇ ಬಂದಿಲ್ಲ. ಬೆಂಚು ತುಂಬ್ಸಿ ಕೊಡ್ತೀವಿ ಅಂತ ಇವ್ರೇ ಬಂದು ಕೇಳಿದ್ರು. ಒಂದು ವಾರ ಹೋಂವರ್ಕ್ ಮಾಫಿ ಅಂತ ಮಾತಾಗಿದೆ. ಏನು ಚೆನ್ನಾಗಿ ಕಲಿಸಿದೀರಿ ಮೇಷ್ಟ್ರೇ!”

ಇನ್ಸ್‌ಪೆಕ್ಟರು ಮುಂಬಾಗಿಲಿಂದ ಹೊರಟ ಕೂಡಲೇ ನಾಲ್ವರೂ ಹಿಂಬಾಗಿಲಿಂದ ಜಿಗಿದು ಎಂಟನೇ ತರಗತಿಗೆ ಓಡಿದರು. ಮೇಷ್ಟ್ರು ಗಿಣಿಗೆ ಅಡ್ಡ ನಿಂತರು.

“ತಾಯಿ, ನನ್ನ ಕ್ಲಾಸು!”

“ನಿಮ್ಮ ಬುಕಿಂಗ್ ಇಲ್ವಲ್ಲ ಸಾರ್. ಈಗ ಪಿ.ಟಿ. ಸಾರ್‌ದು, ಆಮೇಲೆ ಹೆಡ್‌ಮೇಡಂದು.”

“ಅವ್ರದ್ದೂನಾ!”

“ಮಧ್ಯ ಎದ್ದು ಬರೋನು ವ್ಯಾಪಾರಿನೇ ಅಲ್ಲ ಅಂತ ನೀವೇ ಅಲ್ವಾ ಹೇಳಿದ್ದು?”

ಇನ್ಸ್‌ಪೆಕ್ಟರು ಕೊನೆಗೆ ಉದ್ಯಮದ ಕ್ಲಾಸಿಗೆ ಬಂದರು. ಬೆಂಚು ನೋಡಿದರು, ಮೇಷ್ಟ್ರನ್ನು ನೋಡಿದರು. “ಮಕ್ಕಳೆಲ್ಲಿ?”

“ಕೆಲಸಕ್ಕೆ ಹೋಗಿದಾರೆ ಸಾರ್.”

“ಎಲ್ಲಿಗೆ?”

ಅವರ ಬೆನ್ನ ಹಿಂದೆ ಹೆಡ್‌ಮೇಡಂ ತುಟಿಯ ಮೇಲೆ ಬೆರಳಿಟ್ಟು, ಕಣ್ಣುಗುಡ್ಡೆ ಹೊರಬರುವಂತೆ ನೋಡುತ್ತಿದ್ದರು. ಮೇಷ್ಟ್ರು ಗೋಡೆಯ ಭೂಪಟದ ಧೂಳು ಒರೆಸತೊಡಗಿದರು. ಇನ್ಸ್‌ಪೆಕ್ಟರು ‘ಮುಚ್ಚತಕ್ಕದ್ದು’ ಎಂದು ಬರೆದು ಹೊರಟರು.

ಅರ್ಧ ಗಂಟೆಯಲ್ಲಿ ಗಿಣಿ ಹಾರಿ ಬಂದಳು. “ಸಾರ್, ದೊಡ್ಡ ಗಿರಾಕಿ! ಇನ್ಸ್‌ಪೆಕ್ಟರೇ!”

“ನಿಮ್ಮ ಗುರುತು ಹಿಡಿದ್ರಾ?”

“ಎಂಟನೇ ಕ್ಲಾಸಲ್ಲೇ ಹಿಡಿದ್ರಂತೆ. ಮೂರು ಗಂಟೆಗೆ ಅವ್ರ ಆಫೀಸಲ್ಲಿ ಮೇಷ್ಟ್ರುಗಳಿಗೆ ತರಬೇತಿಯಂತೆ. ದೊಡ್ಡ ಸಾಹೇಬ್ರು ನೋಡೋಕೆ ಬರ್ತಾರಂತೆ, ಅರ್ಧ ಕುರ್ಚಿ ಖಾಲಿಯಂತೆ. ನಮಗೆ ಮೀಸೆ ಇಲ್ವಲ್ಲ, ಅದಕ್ಕೆ ನಿಮ್ಮನ್ನ ಕೊಡ್ತೀನಿ ಅಂತ ಒಪ್ಕೊಂಡೆ. ಬಂದು ಕೂತ್ರೆ ನಿಮ್ಮ ವಿಷ್ಯ ನೋಡೋಣ ಅಂದಿದಾರೆ.”

ಮುಳುಗುವವನಿಗೆ ಹುಲ್ಲುಕಡ್ಡಿ. ಮೂರಕ್ಕೆ ಮೇಷ್ಟ್ರು ತರಬೇತಿಯ ಕುರ್ಚಿಯಲ್ಲಿದ್ದರು. ‘ಬೇಸತ್ತ ಮಕ್ಕಳನ್ನು ಕ್ಲಾಸಿಗೆ ಮರಳಿ ತರುವುದು ಹೇಗೆ?’ ಎಂದು ಹಲಗೆಯ ಮೇಲೆ ಬರೆದಿತ್ತು. ಇನ್ಸ್‌ಪೆಕ್ಟರು ಹಾಜರಿ ಕೂಗುತ್ತ “ಸಂಗೀತದ ಮೇಷ್ಟ್ರು?” ಎಂದು ಇವರತ್ತ ಹುಬ್ಬು ಹಾರಿಸಿದರು.

“ಹಾಜರ್ ಸಾರ್!”

ಹಾಜರಿ ಮುಗಿಯಿತು. ದೊಡ್ಡ ಸಾಹೇಬರು ಎದ್ದರು. “ಮೊದಲು ಒಂದು ಒಳ್ಳೆ ಸುದ್ದಿ. ಈ ಊರಲ್ಲೇ ಭೂಗೋಳದ ಹುದ್ದೆ ಒಂದು ಖಾಲಿ ಇದೆ. ಹೆಚ್ಚುವರಿ ಆಗಿರೋ ಭೂಗೋಳದ ಮೇಷ್ಟ್ರು ಯಾರಾದ್ರೂ ಇದ್ರೆ ಎದ್ದು ನಿಲ್ಲಿ, ಆರ್ಡರ್ ಈಗಲೇ ಕೊಡ್ತೀನಿ.”

ಮೇಷ್ಟ್ರು ಚಿಮ್ಮಿ ನಿಂತರು. ಇನ್ಸ್‌ಪೆಕ್ಟರ ಮುಖ ಬಿಳಿಚಿತು. ಕಿಟಕಿಯಾಚೆ ಗಿಣಿ, ಕೂತ್ಕೊಳ್ಳಿ ಕೂತ್ಕೊಳ್ಳಿ ಎಂದು ಎರಡೂ ಕೈಯಲ್ಲಿ ಸನ್ನೆ ಮಾಡುತ್ತಿದ್ದಳು.

“ನೀವು ಸಂಗೀತದವ್ರಲ್ವಾ?” ಎಂದರು ಸಾಹೇಬರು.

ಮೇಷ್ಟ್ರು ಇನ್ಸ್‌ಪೆಕ್ಟರನ್ನು ನೋಡಿದರು, ಗಿಣಿಯನ್ನು ನೋಡಿದರು. “ಹೌದು ಸಾರ್,” ಎಂದರು.

“ಭೂಗೋಳದವ್ರು ಯಾರೂ ಇಲ್ಲ ಅಂತಾಯ್ತು. ಇರ್ಲಿ, ಎದ್ದಿದೀರಲ್ಲ,” ಸಾಹೇಬರು ಆರಾಮಾಗಿ ಕುರ್ಚಿಗೆ ಒರಗಿದರು, “ಒಂದು ಹಾಡು ಹೇಳಿಬಿಡಿ.”