ಹಗೇವಿನಲ್ಲಿ ಮಲಗಿಸಿದ ಬಾಟಲಿಯ ಕುರಿತು ಕೈಪಿಡಿಕಾರರಿಗೆ

ಮಾನ್ಯರೇ, ‘ಮನೆಯಲ್ಲಿ ವೈನ್ ಇಡುವ, ಮಾಗಿಸುವ ಮತ್ತು ಬಡಿಸುವ ಕ್ರಮ’ ಎಂಬ ಕೈಪಿಡಿಯನ್ನು ರಚಿಸಿ ಬಾಟಲಿಯ ಪೆಟ್ಟಿಗೆಯೊಳಗೆ ಮಡಿಚಿಟ್ಟ ಪುಣ್ಯಾತ್ಮರೇ,

ಶಹಾಪುರದ ಹತ್ತಿ ಮಿಲ್ಲೊಂದರಲ್ಲಿ ಗುಮಾಸ್ತನಾಗಿರುವ ದೇವಿಂದ್ರನ ಸಾಷ್ಟಾಂಗ ನಮಸ್ಕಾರಗಳು. ತಾವು ವಾಸಿಸುವ ತಂಪು ಊರಿನಲ್ಲಿ ತಾವೂ ತಮ್ಮ ಬಾಟಲಿಗಳೂ ಕ್ಷೇಮವಾಗಿದ್ದೀರೆಂದು ನಂಬಿ, ನನ್ನ ಅಕ್ಷೇಮವನ್ನು ನಾಲ್ಕು ಜನ ಓದಲೆಂದು ಬಹಿರಂಗವಾಗಿಯೇ ನಿವೇದಿಸಿಕೊಳ್ಳುತ್ತಿದ್ದೇನೆ.

ಹತ್ತಿ ಕೊಳ್ಳಲು ಬರುವ ಪರವೂರ ವ್ಯಾಪಾರಿಯೊಬ್ಬರು ಕಳೆದ ದೀಪಾವಳಿಗೆ ಮಿಲ್ಲಿನವರಿಗೆಲ್ಲ ಮಿಠಾಯಿ ಹಂಚಿ, ನನ್ನ ಮೇಲಿನ ವಿಶೇಷ ಪ್ರೀತಿಯಿಂದ ಒಂದು ಬಾಟಲಿ ಕೆಂಪು ವೈನ್ ಕೊಟ್ಟರು. ಜನ್ಮದಲ್ಲಿ ಕುಡಿಯದ ನಾನು ಅದನ್ನು ಅಂದೇ ಯಾರಿಗಾದರೂ ದಾಟಿಸಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ತಮ್ಮ ಕೈಪಿಡಿಯನ್ನು ಓದಿಬಿಟ್ಟೆ. ಎರಡು ವರ್ಷ ಸರಿಯಾಗಿ ಮಲಗಿಸಿಟ್ಟರೆ ಈ ದ್ರವವು ‘ಧ್ಯಾನಸ್ಥ ಪಕ್ವತೆ’ಯನ್ನು ಹೊಂದುತ್ತದೆಂದು ತಾವು ಬರೆದಿದ್ದೀರಿ. ಅಂಥದ್ದನ್ನು ಒಮ್ಮೆ ನಾಲಿಗೆಗೆ ತಾಗಿಸಿ ನೋಡಬೇಕೆಂಬ ಆಸೆ ಹುಟ್ಟಿತು, ಸುಳ್ಳೇಕೆ ಹೇಳಲಿ.

ಹದಿಮೂರು ಡಿಗ್ರಿ ತಂಪು, ಗಾಢ ಕತ್ತಲೆ, ಯಾವ ವಾಸನೆಯೂ ಸೋಕದ ಗಾಳಿ, ಒಂದಿಷ್ಟೂ ಅಲುಗಾಡದ ನೆಲ ಎಂದು ತಾವು ಅಪ್ಪಣೆ ಕೊಡಿಸಿದ್ದೀರಿ. ಮಾರ್ಚಿನಲ್ಲೇ ಮಾಳಿಗೆಗೆ ಹೊದಿಸಿದ ಪರಸಿ ಕಲ್ಲಿನ ಚಪ್ಪಡಿ ಕಾದು ಕೊಡದ ನೀರು ತಾನಾಗಿ ಸ್ನಾನಕ್ಕೆ ಹದವಾಗುವ ನನ್ನ ಬಾಡಿಗೆ ಮನೆಯಲ್ಲಿ, ಭತ್ತದ ಲಾರಿ ಹೋದಾಗಲೆಲ್ಲ ಪಾತ್ರೆಗಳು ಗಡಗಡಿಸುವ ಬೀದಿಯಲ್ಲಿ, ಬೆಳ್ಳುಳ್ಳಿ ಖಾರದ ಡಬ್ಬಿಗಳೇ ತುಂಬಿರುವ ಫ್ರಿಜ್ಜಿನಲ್ಲಿ, ತಮ್ಮ ಷರತ್ತುಗಳ ಪೈಕಿ ಕತ್ತಲೆಯೊಂದನ್ನು ಮಾತ್ರ ವಿದ್ಯುತ್ ಇಲಾಖೆಯ ಕೃಪೆಯಿಂದ ಧಾರಾಳವಾಗಿ ಪೂರೈಸಬಹುದಿತ್ತು.

ಆಗ ನೆನಪಾದದ್ದು ದೋರನಹಳ್ಳಿಯ ನನ್ನ ಅತ್ತೆ ಭೀಮವ್ವನವರ ಹಗೇವು. ಹಗೇವು ಎಂದರೆ ಜೋಳ ಕೆಡದಂತೆ ಇಡಲು ನೆಲದೊಳಗೆ ಅಗೆದ ಕಣಜ. ಬಾಯಿಗೆ ಬಂಡೆ ಮುಚ್ಚಿ ಮಣ್ಣು ಮೆತ್ತಿದರೆ ಒಳಗೆ ಬೇಸಿಗೆ ಬಂದದ್ದೇ ಗೊತ್ತಾಗುವುದಿಲ್ಲ. ತಮ್ಮ ಶಾಸ್ತ್ರವನ್ನು ನಮ್ಮ ಹಿರಿಯರು ಜೋಳಕ್ಕಾಗಿ ಎಂದೋ ಪಾಲಿಸಿದ್ದರಲ್ಲ ಎಂದು ಹಿಗ್ಗಿ, ಸುಗ್ಗಿಯಲ್ಲಿ ಹಗೇವು ತುಂಬುವಾಗ ನೆರವಿಗೆ ಹೋದ ನಾನು, ಯಾರಿಗೂ ಕಾಣದಂತೆ ಜೋಳದ ಮೇಲೆ ಬಾಟಲಿಯನ್ನು ಅಡ್ಡ ಮಲಗಿಸಿ ಹುಲ್ಲು ಹೊದಿಸಿದೆ.

ಇಲ್ಲಿ ಒಂದು ಸಂಗತಿಯನ್ನು ತಮಗೆ ತಿಳಿಸಲೇಬೇಕು. ನನ್ನ ಮಾವ ಕುಡಿದು ಕುಡಿದು ಸತ್ತವರು. ಮಗಳು ಸರೋಜಾಳನ್ನು ನನಗೆ ಕೊಡುವಾಗ ಅತ್ತೆ ಕೆಲಸ ಕೇಳಲಿಲ್ಲ, ಹೊಲ ಕೇಳಲಿಲ್ಲ, “ಹುಡುಗ ಕುಡಿತಾನೇನ್ರಿ? ಅದೊಂದು ಖರೆ ಹೇಳ್ರಿ, ಉಳಿದದ್ದೆಲ್ಲ ನನಗ ನಡೀತದ” ಎಂದಷ್ಟೇ ಕೇಳಿದರು. ಅಂದಿನಿಂದ ಊರಲ್ಲಿ ಯಾರ ಅಳಿಯ ತೂರಾಡಿದರೂ ಅವರು ನನ್ನ ಹೆಸರು ಹೇಳಿ ತಲೆಯೆತ್ತಿ ನಡೆಯುತ್ತಿದ್ದರು. ಅಂಥವರ ಹಗೇವಿನಲ್ಲಿ ಬಾಟಲಿ ಇಡಬಾರದೆಂಬ ಒಂದು ಸಾಲು ತಮ್ಮ ಕೈಪಿಡಿಯಲ್ಲಿ ಎಲ್ಲಿಯೂ ಇಲ್ಲ.

ಎರಡು ವರ್ಷ ತೆಗೆಯುವುದಿಲ್ಲವೆಂದುಕೊಂಡಿದ್ದ ಹಗೇವನ್ನು, ಕಾಲುವೆಗೆ ನೀರು ಬಿಟ್ಟು ನೆಲ ಜಿನುಗತೊಡಗಿದ್ದರಿಂದ, ಅತ್ತೆ ಮಳೆಗಾಲದಲ್ಲೇ ತೆಗೆಸಿದರು. ಸುದ್ದಿ ಕೇಳಿ ನಾನು ಬಸ್ಸು ಹಿಡಿದು ಓಡಿದೆನಾದರೂ ಅಷ್ಟರಲ್ಲಿ ಓಣಿಯೆಲ್ಲ ನೆರೆದಿತ್ತು. ಕಂದೀಲು ಇಳಿಬಿಟ್ಟು, ಅದು ಆರದಿದ್ದುದರಿಂದ ಒಳಗೆ ವಿಷಗಾಳಿ ಇಲ್ಲವೆಂದು ಖಾತ್ರಿ ಮಾಡಿಕೊಂಡು, ನನ್ನ ಭಾವಮೈದುನ ಬಾಲರಾಜ ಒಳಗಿಳಿದಿದ್ದ. ಹಗೇವಿನಿಂದ ಮೊದಲು ಮೇಲೆ ಬಂದದ್ದಕ್ಕೆ ಅರಿಶಿನ ಕುಂಕುಮವಿಟ್ಟು ಪೂಜಿಸಿ ಮುತ್ತೈದೆಯರ ಉಡಿಗೆ ಹಾಕುವುದು ಆ ಮನೆಯ ಪದ್ಧತಿ. ಮೊದಲು ಮೇಲೆ ಬಂದ ಬುಟ್ಟಿಯಲ್ಲಿ ಹುಲ್ಲಿನ ನಡುವೆ ತಮ್ಮ ಬಾಟಲಿಯಿತ್ತು. ಕಣ್ಣು ಮಂಜಾದ ಪಕ್ಕದ ಮನೆಯ ದುರಗಮ್ಮ ಅದರ ನೆತ್ತಿಗೆ ಕುಂಕುಮವಿಟ್ಟು ಕೈ ಮುಗಿದರು; ಅವರ ಮೊಮ್ಮಗಳು ರೇವತಿ ಮೇಲಿನ ಚೀಟಿಯನ್ನು ಗಟ್ಟಿಯಾಗಿ ಓದಿದಳು. ಜೋಳಕ್ಕೆ ಹುಲ್ಲು ಹೊದಿಸಿದವನು ನಾನೆಂದು ಬಲ್ಲ ಎಲ್ಲರೂ ನನ್ನ ಮುಖ ನೋಡಿದರು, ಸರೋಜಾ ನೆಲ ನೋಡಿದಳು.

ಆಗ ಅತ್ತೆ ಮುಂದೆ ಬಂದು ಬಾಟಲಿಯನ್ನು ಕೈಗೆತ್ತಿಕೊಂಡು, “ಅದ್ಯಾಕ ಹಂಗ ನೋಡ್ತೀರಿ? ನನ್ನ ಮೊಣಕಾಲಿಗಿ ಹಚ್ಚೋ ಔಷಧ ಅದು. ನಾನೇ ಹೇಳಿ ತರಸೀನಿ, ತಂಪಿನ್ಯಾಗ ಇಡ್ರಿ ಅಂದಿದ್ದೆ” ಎಂದರು. ಬಾಲರಾಜನಿಂದ ಬಿರಡೆ ತೆಗೆಸಿ, ಓಣಿಯವರ ಕಣ್ಣೆದುರೇ ಸೀರೆ ಮೊಣಕಾಲಿನವರೆಗೆ ಸರಿಸಿ, ಯಾವ ವಾಸನೆ ಅವರ ಸಂಸಾರವನ್ನು ತಿಂದಿತ್ತೋ ಅದನ್ನೇ ಮೈಗೆ ತಿಕ್ಕಿಕೊಂಡರು. ಮಾನ್ಯರೇ, ಅವರು ಬೈದಿದ್ದರೆ ನಾನು ಸುಖವಾಗಿ ಬೈಸಿಕೊಳ್ಳುತ್ತಿದ್ದೆ. ಅವರು ಇವತ್ತಿನವರೆಗೂ ಒಂದು ಮಾತು ಕೇಳಿಲ್ಲ.

ಆದ್ದರಿಂದ ತಾವು ದಯಮಾಡಿ ದೋರನಹಳ್ಳಿಗೆ ಚಿತ್ತೈಸಿ, ನಾನು ಅದನ್ನು ಕುಡಿದವನಲ್ಲ, ಕುಡಿಯುವ ಕ್ರಮವನ್ನು ಓದಿ ಕೆಟ್ಟವನು ಎಂದು ಅತ್ತೆಯವರ ಮುಂದೆ ಪ್ರಮಾಣ ಮಾಡಬೇಕು. ಅದು ಕಷ್ಟವಾದರೆ, ಮುಂದಿನ ಮುದ್ರಣದಲ್ಲಿ ಅತ್ತೆಯ ವಿಶ್ವಾಸವನ್ನು ಯಾವ ತಾಪಮಾನದಲ್ಲಿಟ್ಟರೆ ಕೆಡುವುದಿಲ್ಲವೆಂಬ ಒಂದು ಅಧ್ಯಾಯ ಸೇರಿಸಬೇಕೆಂದು ಬೇಡಿಕೊಳ್ಳುತ್ತೇನೆ.

ತಮ್ಮ ಕೈಪಿಡಿಯನ್ನು ಅಕ್ಷರ ಬಿಡದೆ ನಂಬಿದ
ತಮ್ಮ ವಿಶ್ವಾಸಿ,
ದೇವಿಂದ್ರ

ತಾ.ಕ.: ಬಡಿಸುವ ಮೊದಲು ಬಿರಡೆ ತೆಗೆದು ವೈನನ್ನು ‘ಉಸಿರಾಡಲು’ ಬಿಡಬೇಕೆಂದಿದ್ದೀರಿ; ಮೊಣಕಾಲಿಗೆ ಹಚ್ಚುವ ಮೊದಲು ಎಷ್ಟು ಹೊತ್ತು ಬಿಡಬೇಕೆಂದು ತಾವು ಬರೆದಿಲ್ಲ. ತುರ್ತಾಗಿ ತಿಳಿಸಿ, ಏಕೆಂದರೆ ಅತ್ತೆಯವರು, “ಔಷಧ ತೀರ್ಯದ, ಇನ್ನೊಂದು ತರ್ರಿ, ನಡುವ ಬಿಟ್ಟರ ಓಣ್ಯಾಗ ನನ್ನ ಮಾತು ಸುಳ್ಳಾಗ್ತದ” ಎಂದಿದ್ದಾರೆ. ಹೀಗಾಗಿ ಕುಡಿಯದ ಅಳಿಯನೆಂಬ ಹೆಸರು ಉಳಿಸಿಕೊಳ್ಳಲು ನಾನೀಗ ಹಾಡಹಗಲೇ ಶಹಾಪುರದ ವೈನ್ ಶಾಪಿನ ಸಾಲಿನಲ್ಲಿ ನಿಲ್ಲುತ್ತಿದ್ದೇನೆ. ಬಾಟಲಿ ಒಯ್ದು ಕೊಟ್ಟಾಗ ಅತ್ತೆ ಅದರ ಸೀಲನ್ನು ಉಗುರಿನಿಂದ ಕೆರೆದು ನೋಡುತ್ತಾರೆ. ಆಮೇಲೆಯೇ ನನಗೆ ಕುಡಿಯಲು ನೀರು ಕೊಡುತ್ತಾರೆ.